ಗಾಜಿನ ಹಿಂದಿನ ಗೊಂಬೆಗಳು

ತಮ್ಮನಿಗೆ,

ನಮ್ಮ ಮೂರು ಮಹಡಿಯ ಬಟ್ಟೆ ಅಂಗಡಿಗೆ ಅರವತ್ತು ತುಂಬಿತೆಂದು ನೀನು ಅಚ್ಚು ಹಾಕಿಸಿದ ಚರಿತ್ರೆ ಕೈಸೇರಿತು. ನೀನು ಕಳಿಸಲಿಲ್ಲ, ಅಂಗಿ ಗುಂಡಿ ಮಾರುವ ವಿಭಾಗದ ಮುದುಕರು ತಂದುಕೊಟ್ಟರು.

ಕಾಗದ ದಪ್ಪಗಿದೆ. ಅಪ್ಪ ಸೈಕಲ್ ಮೇಲೆ ಬಟ್ಟೆ ಮಾರಿದ್ದು, ಲಿಫ್ಟ್ ಬಂದ ದಿನ ಅಮ್ಮ ಹೆದರಿ ಮೆಟ್ಟಿಲನ್ನೇ ಹತ್ತಿದ್ದು, ಎಲ್ಲ ಇದೆ. ಒಂಬತ್ತನೇ ಪುಟದಲ್ಲಿ ನೀನು ಅಪ್ಪನ ಏಕೈಕ ಸಂತಾನ ಎಂದೂ ಇದೆ.

ಹೋದ ವರ್ಷ, "ಸುಮ್ನೆ ಒಂದು ಸಹಿ ಹಾಕಕ್ಕಾ, ನಮ್ಮನಮ್ಮಲ್ಲಿ ಏನಿದೆ?" ಅಂದೆಯಲ್ಲ, ಆಗ ಬಿಟ್ಟುಕೊಟ್ಟದ್ದು ಅಂಗಡಿಯ ಪಾಲನ್ನು ಮಾತ್ರ ಅಂದುಕೊಂಡಿದ್ದೆ. ಹುಟ್ಟನ್ನೂ ಬರೆದುಕೊಟ್ಟೆ ಎಂದು ಗೊತ್ತಿರಲಿಲ್ಲ.

ಒಂದು ಸಣ್ಣ ಕೆಲಸ ಮಾಡು. ಬೀದಿ ಕಡೆಯ ಗಾಜಿನ ಹಿಂದಿರುವ ಏಳು ಗೊಂಬೆಗಳನ್ನು ಇಳಿಸಿಬಿಡು. ಗೊಂಬೆ ತರಿಸಲು ಕೈಲಾಗದ ಕಾಲದಲ್ಲಿ ಅಪ್ಪ ನನ್ನನ್ನು ಮೇಜಿನ ಮೇಲೆ ಮಲಗಿಸಿ, ಮೂಗಿಗೆ ಎರಡು ಕೊಳವೆ ಇಟ್ಟು, ಮುಖಕ್ಕೆ ಪ್ಲಾಸ್ಟರ್ ಮೆತ್ತಿಸಿ ಆ ಗೊಂಬೆಗಳಿಗೆಂದು ಅಚ್ಚು ತೆಗೆಸಿದ್ದರು. ನೀನು ಪಕ್ಕದಲ್ಲಿ ನಿಂತು, "ಅಕ್ಕ ಸತ್ತೋದ್ಲು" ಅಂತ ಬಿಕ್ಕಿ ಬಿಕ್ಕಿ ಅತ್ತಿದ್ದೆ. ನಾನು ಮಾತಾಡುವಂತಿರಲಿಲ್ಲ, ನಿನ್ನ ಕೈ ಹಿಡಿದುಕೊಂಡಿದ್ದೆ.

ಪುಸ್ತಕದೊಳಗೆ ನಾನು ಎಲ್ಲೂ ಇಲ್ಲ, ಆಯಿತು. ಆದರೆ ಮುಖಪುಟದ ಚಿತ್ರದಲ್ಲಿ ನಿನ್ನ ಬೆನ್ನ ಹಿಂದೆ ಹೊಸ ಬಟ್ಟೆ ತೊಟ್ಟು ನಿಂತಿರುವ ಏಳೂ ಜನ ನಾನೇ.

ಇಂತಿ,
ಅಕ್ಕ