ಅಕ್ಷರಗಳಲ್ಲಿ ಕೂತ ಬೂದಿ

೧೨ ನವೆಂಬರ್ ೨೦೦೬, ಭಾನುವಾರ
ಆರ್.ಕೆ.ಪುರಂ, ದೆಹಲಿ

ಆ ಅಜ್ಜಿಯ ಮೇಲೆ ಕಿರುಚಿದೆನಲ್ಲ, ಅದೂ ಆಕೆಯದೇ ಮನೆಯಲ್ಲಿ. ರಾತ್ರಿ ಊಟ ಸೇರಲಿಲ್ಲ.

ಜಾಮಾ ಮಸೀದಿ ಹಿಂದಿನ ಅಂಗಡಿಯಲ್ಲಿ ಕೊಂಡ ಬೆಳ್ಳಿ ಪದಕ. ಮೊದಲ ಮಹಾಯುದ್ಧಕ್ಕೆ ಹೋಗಿದ್ದ ಸಿಪಾಯಿಯ ಹೆಸರನ್ನು ಬ್ರಿಟಿಷರು ಅದರ ಅಂಚಿನಲ್ಲಿ ಕೆತ್ತಿಸಿದ್ದಾರೆ: ಹರ್‌ಫೂಲ್ ಸಿಂಗ್. ವರ್ಷವಿಡೀ ಹುಡುಕಿ, ಹರಿಯಾಣದ ಝಜ್ಜರ್ ಹತ್ತಿರದ ಹಳ್ಳಿಯಲ್ಲಿ ಆತನ ಮಗಳು ಭಗವಾನೀ ದೇವಿಯನ್ನು ಇವತ್ತು ಕಂಡೆ. ಎಂಬತ್ತು ದಾಟಿದೆ. ಅಪ್ಪನ ಫೋಟೋ ಇದೆಯೇ ಎಂದು ಕೇಳಲಷ್ಟೇ ಹೋದದ್ದು.

ಪದಕವನ್ನು ಕೈಗೆ ಕೊಟ್ಟೆ. "ಮೇರೇ ಬಾಪೂ ಕಾ?" ನನ್ನಪ್ಪನದೇ ಎಂದು ಕೇಳಿ ಕೆನ್ನೆಗೆ ಒತ್ತಿಕೊಂಡಳು. ಕಪ್ಪಾಗಿದೆಯೆಂದು ಒಲೆಯ ಬೂದಿ ತೆಗೆದು, ಹಿತ್ತಾಳೆ ಲೋಟ ಬೆಳಗುವ ಹಾಗೆ ಉಜ್ಜತೊಡಗಿದಳು. ಹಳೆಯ ಪದಕದ ಕಪ್ಪು ಹೋದರೆ ನಮ್ಮಂಥ ಸಂಗ್ರಾಹಕರಿಗೆ ಅದರ ಬೆಲೆಯೇ ಹೋದಂತೆ. "ಹಾಥ್ ಮತ್ ಲಗಾವೋ!" ಮುಟ್ಟಬೇಡವೆಂದು ಕಿರುಚಿ ಕಿತ್ತುಕೊಂಡೆ.

ಆಕೆ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಗಲತೀ ಹೋ ಗಯೀ, ಬೇಟಾ" ಎಂದಳು. ತಪ್ಪಾಯಿತು ಎಂದದ್ದು ನಾನಲ್ಲ, ಆಕೆ. ಆಮೇಲೆ ಒಂದು ದೊಡ್ಡ ಲೋಟ ಹಾಲು ತಂದುಕೊಟ್ಟಳು. ಅದನ್ನೂ ಕುಡಿದು ಬಂದೆ.

ಬಾಗಿಲು ತೆಗೆದವಳೇ ಪದ್ಮಾ, "ಕೊಟ್ಟು ಬಂದ್ರಾ? ಅವರಿಗೆ ಎಷ್ಟು ಖುಷಿಯಾಗಿರ್ಬೇಕು!" ಎಂದಳು. ಕೊಟ್ಟು ಬರಲಿಕ್ಕೇ ಹೋಗಿದ್ದೇನೆಂದು ತಿಳಿದಿದ್ದಳು ನನ್ನ ಹೆಂಡತಿ. ನನಗೆ ಅದು ಹೊಳೆದೇ ಇರಲಿಲ್ಲ. ಕೈ ತೊಳೆಯುವ ನೆಪದಲ್ಲಿ ಒಳಗೆ ಹೋದೆ.

ಪದಕದ ಅಕ್ಷರಗಳಲ್ಲಿ ಬೂದಿ ಕೂತಿದೆ. ತೆಗೆಯೋಣವೆಂದು ಬ್ರಷ್ ಹಿಡಿದು ಕೂತಿದ್ದೇನೆ. ಇಷ್ಟು ದಿನ ಭೂತಕನ್ನಡಿ ಹಿಡಿದು ಓದುತ್ತಿದ್ದ ಹೆಸರು ಬರಿಗಣ್ಣಿಗೇ ಕಾಣುತ್ತಿದೆ.