ಹಳ್ಳಕ್ಕಿಳಿದ ಗಾಳಿ

ತುಮ್ಮನಟ್ಟಿ, ೨೬ ಜನವರಿ ೧೯೨೬, ಮಂಗಳವಾರ

ಇವತ್ತು ಹಿಮ ಬೀಳುವುದಿಲ್ಲವೆಂದು ಅಪ್ಪನಿಗೆ ಏಕಾದರೂ ಹೇಳಿದೆನೋ! ಶಾಲೆಯ ಉಷ್ಣಮಾಪಕ ಮೂವತ್ತಾರು ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದಿಲ್ಲ, ನೀರು ಹೆಪ್ಪುಗಟ್ಟುವುದು ಮೂವತ್ತೆರಡಕ್ಕೆ ಎಂದೆ. ಅಪ್ಪ ತಲೆಯಾಡಿಸಿ, ಆಲೂಗಡ್ಡೆ ಸಸಿಗಳಿಗೆ ಹುಲ್ಲು ಹೊದಿಸದೆ ಮಲಗಿದ.

ಅಜ್ಜಿ ಮಾತ್ರ, "ನಿನ್ನ ಶಾಲೆ ಕಡ್ಡಿ ಬೆಟ್ಟದ ಮೇಲೆ ಅದೆ. ನಂಗ ಹೊಲ ಹಳ್ಳದೊಗೆ ಅಲ್ಲವಾ?" ಎಂದು ಎಂದಿನಂತೆ ಹೊಲದಂಚಿನಲ್ಲಿ ತಟ್ಟೆಯಲ್ಲಿ ನೀರಿಟ್ಟು ಬಂದಳು. ಅದು ಕೆನೆಗಟ್ಟಿದರೆ ಹಿಮ ಬಂತೆಂದು ಅವಳ ಲೆಕ್ಕ. ನಾನು ನಕ್ಕೆ.

ಮಲಗುವ ಮುನ್ನ ಮುಂದಿನ ಪಾಠ ಓದಿದೆ. ತಣ್ಣನೆಯ ಗಾಳಿ ಭಾರವಂತೆ. ರಾತ್ರಿ ನೀರಿನ ಹಾಗೆ ತಗ್ಗಿಗೆ ಹರಿದು ನಿಲ್ಲುತ್ತದಂತೆ. ನಮ್ಮ ಹೊಲವಿರುವುದೂ ಹಳ್ಳದಲ್ಲೇ!

ಅಪ್ಪನನ್ನು ಎಬ್ಬಿಸಲು ಹೋದೆ. ಹಾಸಿಗೆ ಬರಿದಾಗಿತ್ತು. ಕಿಟಕಿಯಿಂದ ನೋಡಿದರೆ ಹೊಲದಲ್ಲಿ ಎರಡು ಲಾಟೀನು, ಅಪ್ಪ, ಅಜ್ಜಿ, ಹುಲ್ಲಿನ ಹೊರೆ. ನನ್ನನ್ನು ಕರೆಯಲೂ ಇಲ್ಲ. ಈಗ ಯಾವ ಮುಖ ಹೊತ್ತು ಇಳಿದು ಹೋಗಲಿ?