ಎರಡು ಪಟ್ಟಿ, ಒಂದು ಮಡು

ಕರೇಬಂಡೆ, ಕಾವೇರಿ ದಂಡೆ
ಇಸವಿ ೨೧೭೪, ಬಿಟ್ಟನೀರು ತಿಂಗಳ ಮೂವತ್ತೇಳನೇ ದಿನ

ನದಿ ಇಷ್ಟ, ಆದರೆ ಯಾವುದಕ್ಕೆ ಸೇರಲಿ ಎಂದು ಕೇಳಿದವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮ ತಿಂಗಳುಗಳು ಸೂರ್ಯನನ್ನೂ ಕೇಳುವುದಿಲ್ಲ, ಚಂದ್ರನನ್ನೂ ಕೇಳುವುದಿಲ್ಲ. ಮೇಲಿನ ಅಣೆಕಟ್ಟೆ ಬಾಗಿಲು ತೆಗೆದ ದಿನ ಬಿಟ್ಟನೀರು ತಿಂಗಳು ಶುರು, ಹಾಕಿದ ದಿನ ಮುಗಿಯಿತು. ಒಂದು ವರ್ಷ ಇಪ್ಪತ್ತು ದಿನ ಇರುತ್ತದೆ, ಒಂದು ವರ್ಷ ಅರವತ್ತು. ನನ್ನ ಮಾತುಗಳು ಅಲ್ಲಲ್ಲಿ ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಒಂದು ಸಲ ಕೇಳಿದ್ದೇನೆ, ಮತ್ತೆ ಕೇಳುವುದಿಲ್ಲ. ನಾನು ನಿಂಗಾಜಮ್ಮ, ಎಪ್ಪತ್ತೆಂಟು ವರ್ಷದವಳು, ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು. ಈಗಿನವರು ಗೋಡೆಗೆ ಮಾತಾಡುತ್ತಾರೆ, ಗೋಡೆ ಬರೆದುಕೊಳ್ಳುತ್ತದೆ. ನನ್ನ ಗೋಡೆ ನನ್ನ ಬೈಗುಳಗಳನ್ನೆಲ್ಲ ತೆಗೆದುಹಾಕುತ್ತದೆ, ಅದಕ್ಕೇ ಕೈಯಲ್ಲಿ ಬರೆಯುತ್ತಿದ್ದೇನೆ.

ನಿಮ್ಮ ಪ್ರಶ್ನೆ ನನಗೆ ಸಿಕ್ಕಿದ್ದು ಮೊಮ್ಮಗಳು ಅರ್ಕಾವತಿಯಿಂದ. ಬತ್ತಿಹೋದ ಹೊಳೆಗಳ ಹೆಸರನ್ನು ಹೆಣ್ಣುಮಕ್ಕಳಿಗೆ ಇಡುವುದು ನಮ್ಮಲ್ಲಿ ರೂಢಿ. ಅವಳು ಹಳೇಮಾತಿನ ಉಗ್ರಾಣದಲ್ಲಿ ಕೆಲಸಕ್ಕಿದ್ದಾಳೆ. ನಿಮ್ಮ ಕಾಲದವರು ಫೋನುಗಳಲ್ಲಿ ಬರೆದು ಬಿಸಾಕಿದ್ದನ್ನೆಲ್ಲ ಅಲ್ಲಿ ಪೇರಿಸಿಟ್ಟಿದ್ದಾರೆ. ವಾರಕ್ಕೊಂದು ದಿನ ನದಿಗೆ ಹೋಗುತ್ತೇನೆ, ಗಾಳದ ಕ್ಲಬ್ಬಿಗೆ ಸೇರಲೋ, ಮೀನು ಉಳಿಸುವ ಸಂಘಕ್ಕೆ ಸೇರಲೋ, ಯಾರಾದರೂ ಹೇಳಿ ಎಂದು ನೀವು ಬರೆದಿದ್ದಿರಿ. ಕೆಳಗೆ ನಲವತ್ತೆರಡು ಜನ ಉತ್ತರ ಹಾಕಿದ್ದರು. ನಲವತ್ತೆರಡೂ ಜನ ಪರಸ್ಪರ ಬೈದುಕೊಂಡಿದ್ದರೇ ಹೊರತು ನಿಮಗೆ ಉತ್ತರ ಹೇಳಿದವನು ಒಬ್ಬನೂ ಇಲ್ಲ. ನೂರೈವತ್ತು ವರ್ಷ ತಡವಾಯಿತು, ನಾನು ಹೇಳುತ್ತೇನೆ. ಯಾಕೆಂದರೆ ಅದೇ ಪ್ರಶ್ನೆ ಈಗ ನನ್ನ ಹೊಸ್ತಿಲು ತುಳಿದಿದೆ.

ನಮ್ಮ ಊರಿನ ಕೆಳಗೆ ನದಿ ಬಂಡೆಗೆ ಹೊಡೆದು ತಿರುಗುವ ಕಡೆ ಒಂದು ಆಳದ ಮಡು ಇದೆ. ಬಿಳಿಮೀನು ಉಳಿದಿರುವ ಮೂರೇ ಮಡುಗಳಲ್ಲಿ ಇದೊಂದು. ನೀವು ಅದನ್ನು ಮಹಶೀರ್ ಎನ್ನುತ್ತಿದ್ದಿರಂತೆ. ಇಲ್ಲಿ ಯಾರೂ ಅದನ್ನು ತಿನ್ನುವುದಿಲ್ಲ. ಗಾಳ ಹಾಕುವವರು ಕೋಳಿಪುಕ್ಕ, ಮೇಕೆಕೂದಲು ಸುತ್ತಿ ನೊಣದ ಹಾಗೆ ಕಟ್ಟುತ್ತಾರೆ. ನಾವು ಅದಕ್ಕೆ ಸುಳ್ಳುನೊಣ ಎನ್ನುತ್ತೇವೆ. ಮೀನು ನಂಬಿ ಕಚ್ಚುತ್ತದೆ, ಎಳೆಯುತ್ತಾರೆ, ನೋಡುತ್ತಾರೆ, ಬಿಡುತ್ತಾರೆ. ಹಿಡಿದು ಬಿಡುವುದಕ್ಕೆ ಯಾಕೆ ಹಿಡಿಯಬೇಕು ಎಂದು ಚಿಕ್ಕವಳಾಗಿದ್ದಾಗ ಕೇಳಿ ನಮ್ಮಪ್ಪನ ಕೈಲಿ ಏಟು ತಿಂದಿದ್ದೇನೆ. ಉತ್ತರ ಅವನಿಗೂ ಗೊತ್ತಿರಲಿಲ್ಲ.

ನನ್ನ ಕೆಲಸ ನೀರುಕಾಲು. ಹಾಗೆಂದರೆ, ದಿನಾ ಬೆಳಿಗ್ಗೆ ಯಾರೂ ಗಾಳ ಬಿಡುವ ಮೊದಲು ಮಡುವಿನ ಬಾಯಲ್ಲಿ ಮೊಣಕಾಲುದ್ದ ನೀರಿಗೆ ಇಳಿದು ನೂರು ಎಣಿಸುವಷ್ಟು ಹೊತ್ತು ನಿಲ್ಲುವವಳು. ನೀರು ಬೆಚ್ಚಗಿದ್ದರೆ ಮೀನಿಗೆ ಉಸಿರು ಸಾಲದು, ಎಳೆದಾಡಿ ಬಿಟ್ಟರೆ ಬದುಕುವುದಿಲ್ಲ. ಆ ದಿನ ನಾನು ಇಲ್ಲ ಎಂದರೆ ಇಲ್ಲ, ಯಾವ ಸಾಹೇಬ ಬಂದಿದ್ದರೂ ಗಾಳದ ಕೋಲು ಮಡಚಿಕೊಂಡು ಹೋಗಬೇಕು. ನಲವತ್ತೊಂದು ವರ್ಷದಿಂದ ನಿಂತಿದ್ದೇನೆ. ನನಗಿಂತ ಮೊದಲು ನಮ್ಮತ್ತೆ ನಿಂತಿದ್ದಳು. ಬೆಳಿಗ್ಗೆ ಎದ್ದು ಕಾಲಿಗೆ ಬಿಸಿನೀರು ತಾಗಿಸಬಾರದು, ಒಲೆ ಮುಂದೆ ಕೂರಬಾರದು ಎಂದು ಅವಳು ಕಟ್ಟಪ್ಪಣೆ ಮಾಡಿದ್ದಳು.

ಈಗ ನದಿ ಕಚೇರಿಯಿಂದ ಒಂದು ಕಾಗದ ಬಂದಿದೆ. ದಂಡೆಯ ಹತ್ತೊಂಬತ್ತು ಮನೆಯೂ ಯಾವುದಾದರೂ ಒಂದು ಪಟ್ಟಿಗೆ ಹೆಬ್ಬೆಟ್ಟು ಒತ್ತಬೇಕು. ಒಂದು ಗಾಳದ ಕ್ಲಬ್ಬಿನ ಪಟ್ಟಿ, ಇನ್ನೊಂದು ಮಡುಗಾವಲು ಸಂಘದ ಪಟ್ಟಿ. ಯಾವುದರಲ್ಲಿ ಹೆಚ್ಚು ಮನೆಯೋ ಮಡು ಇನ್ನು ಮುಂದೆ ಅವರದು. ಎರಡರಲ್ಲೂ ಇಲ್ಲದ ಮನೆ, ಎರಡರಲ್ಲೂ ಇರುವ ಮನೆ, ಇವಕ್ಕೆ ದಂಡೆ ಹಕ್ಕು ಇಲ್ಲ. ದಂಡೆ ಹಕ್ಕು ಇಲ್ಲ ಎಂದರೆ ನೀರಿಗೆ ಇಳಿಯುವ ಹಾಗಿಲ್ಲ, ತೆಪ್ಪ ಕಟ್ಟುವ ಹಾಗಿಲ್ಲ, ಮೇಲಿನ ಬಯಲಿನ ಕಾಂಕ್ರೀಟು ಸಾಲುಮನೆಗೆ ಹೋಗಬೇಕು. ಅತ್ತ ಒಂಬತ್ತು, ಇತ್ತ ಒಂಬತ್ತು ಆಯಿತು. ಉಳಿದದ್ದು ನನ್ನ ಮನೆ.

ಕ್ಲಬ್ಬಿನ ಹಿರಿಯ ವಿರೂಪಣ್ಣ ನನ್ನ ಓರಗೆಯವನು, ಒಂದೇ ತೆಪ್ಪದಲ್ಲಿ ಬೆಳೆದವರು ನಾವು. ಸಂಘದ ಕಡೆ ಓಡಾಡುವವಳು ನನ್ನ ಅರ್ಕಾವತಿಯೇ. ಇಬ್ಬರೂ ದಿನ ಬಿಟ್ಟು ದಿನ ನನ್ನ ಜಗಲಿಗೆ ಬರತೊಡಗಿದರು. ನೆರಳುಗಂಟೆಯಲ್ಲಿ, ಅಂದರೆ ಹನ್ನೊಂದರಿಂದ ನಾಲ್ಕರವರೆಗೆ ಬಿಸಿಲಿಗೆ ಯಾರೂ ಹೊರಗೆ ಹೋಗಬಾರದೆಂದು ಗಂಟೆ ಹೊಡೆದ ಮೇಲೆ, ಬಂದವರನ್ನು ಓಡಿಸುವ ಹಾಗೂ ಇಲ್ಲ. ಕೂತು ಕೇಳಲೇಬೇಕು. ಒಬ್ಬನಿಗೆ ಮಜ್ಜಿಗೆ ಕೊಟ್ಟೆ, ಒಬ್ಬಳಿಗೆ ರಾಗಿ ಅಂಬಲಿ ಕೊಟ್ಟೆ, ಇಬ್ಬರಿಗೂ ಮಾತು ಕೊಡಲಿಲ್ಲ.

ಸಂಘದವರ ಕೈಯಲ್ಲಿ ಮಡು ಇರಲೇ ಇಲ್ಲವೇ? ಇತ್ತು. ಹದಿನಾಲ್ಕು ವರ್ಷದ ಹಿಂದೆ ಮೂರು ಬೇಸಿಗೆ ಅವರದೇ ಕಾರುಬಾರು. ಸುತ್ತ ಬೇಲಿ ಹಾಕಿ ನನ್ನನ್ನೂ ಹೊರಗೆ ನಿಲ್ಲಿಸಿದರು. ಆಕಾಶದಿಂದ ಮೇಲ್ಗಣ್ಣು ನೋಡುತ್ತದೆ, ಮನುಷ್ಯರ ಕಾಲು ಬೇಡ ಎಂದರು. ಒಂದು ದಿನ ಬೆಳಿಗ್ಗೆ ಮಂಜು ದಟ್ಟವಾಗಿದ್ದಾಗ ಯಾರೋ ಬಂದು ಸಿಡಿಮದ್ದು ಎಸೆದರು. ಅರವತ್ತಮೂರು ಬಿಳಿಮೀನು ಹೊಟ್ಟೆ ಮೇಲಾಗಿ ತೇಲಿದವು. ಮೇಲ್ಗಣ್ಣಿಗೆ ಕಂಡದ್ದು ಮಂಜು. ದಂಡೆಯಲ್ಲಿ ಒಬ್ಬ ಗಾಳದವನು ಆಕಳಿಸುತ್ತಾ ಕೂತಿದ್ದರೂ ಸಾಕಿತ್ತು, ಕಳ್ಳರು ಹತ್ತಿರ ಸುಳಿಯುತ್ತಿರಲಿಲ್ಲ. ಇದನ್ನು ಅರ್ಕಾವತಿಯ ಮುಖಕ್ಕೆ ಹೇಳಿದ್ದೇನೆ. ಆಮೇಲೆ ಮಡು ಕ್ಲಬ್ಬಿನವರ ಪಾಲಾಯಿತು, ಸಿಡಿಮದ್ದು ನಿಂತಿತು. ಆದರೆ ಮೀನು ಹಿಡಿದವನು ಅದನ್ನು ಮಗುವಿನ ಹಾಗೆ ಎತ್ತಿಕೊಂಡು ಚಿತ್ರ ತೆಗೆಸಿಕೊಳ್ಳುವುದು ನಿಲ್ಲಲಿಲ್ಲ.

ಕಳೆದ ಬೇಸಿಗೆ ದೂರದಿಂದ ಬಂದ ಒಬ್ಬ ಅತಿಥಿಯ ಸುಳ್ಳುನೊಣಕ್ಕೆ ಮಡುವಿನ ದೊಡ್ಡ ಹೆಣ್ಣುಮೀನು ಸಿಕ್ಕಿತು. ಮುಕ್ಕಾಲು ಗಂಟೆ ಎಳೆದಾಡಿ ಬಿಟ್ಟ. ಎರಡು ದಿನಕ್ಕೆ ಅದು ಮರಳದಿಬ್ಬದ ಮೇಲೆ ಸತ್ತುಬಿದ್ದಿತ್ತು. ಚಿತ್ರಕ್ಕಾಗಿ ಕೊಂದಿರಿ ಎಂದು ವಿರೂಪಣ್ಣನ ಜೊತೆ ಒಂದು ತಿಂಗಳು ಮಾತು ಬಿಟ್ಟೆ. ಅವನು ಬಾಯಿ ಮುಚ್ಚಿಕೊಂಡು ಸಹಿಸಿದ.

ಕೊಂದವಳು ನಾನು. ಆ ದಿನ ಮೊಣಕಾಲು ನೋವು ತಡೆಯಲಾರದೆ ಎದ್ದ ತಕ್ಷಣ ಎರಡು ಚೆಂಬು ಬಿಸಿನೀರು ಸುರಿದುಕೊಂಡಿದ್ದೆ. ಕಾದ ಕಾಲಿಗೆ ನದಿ ತಣ್ಣಗೆ ಕಂಡಿತು. ಹಾಕಿರಪ್ಪ ಎಂದೆ, ಹಾಕಿದರು. ತಿಂಗಳಾದ ಮೇಲೆ ಮತ್ತೆ ಹಾಗೇ ನೀರು ಸುರಿದುಕೊಂಡು ಇಳಿದಾಗ, ಮೊದಲು ತಣ್ಣಗೆ ತಾಗಿದ ನದಿ ಕಾಲು ಆರಿದ ಮೇಲೆ ಬೆಚ್ಚಗಾಯಿತು, ಆಗ ತಿಳಿಯಿತು. ನಲವತ್ತೊಂದು ವರ್ಷದ ಕಾಲು ಎಂದು ಮೆರೆಯುತ್ತಿದ್ದವಳು ನಾನು.

ನಿನ್ನೆ ಸಭೆ. ಕಚೇರಿಯವನು ಎರಡು ಪಟ್ಟಿ ಇಟ್ಟುಕೊಂಡು ಕೂತಿದ್ದ. ನಾನು ಮೊದಲು ಬಿಸಿನೀರಿನ ವಿಷಯ ಎಲ್ಲರ ಮುಂದೆ ಹೇಳಿದೆ. ಆಮೇಲೆ ವಿರೂಪಣ್ಣ, “ಅಲ್ಲಕ್ಕ, ಒಂದು ತಿಂಗ್ಳು ನನ್ನ ಮುಖ ಕಂಡ್ರೆ ಉಗೀತಿದ್ದಲ್ಲ, ಈಗ ಯಾನ ಮಾಡ್ಲಿ ಯೋಳು?” ಎಂದ. ತಿರುಗಿ ಉಗಿ ಎಂದೆ. ಅರ್ಕಾವತಿ ನಗಲಿಲ್ಲ. “ಅದಕ್ಕೇ ಅಜ್ಜಿ ನಾ ಯೋಳಾದು, ಕಾಲು ನಂಬಬ್ಯಾಡ, ಶಾಖದ ಕಡ್ಡಿ ಇಟ್ಟು ನೋಡನ” ಎಂದಳು. ಆಗಲಿ, ಕಡ್ಡಿ ತಾ, ದಿನಾ ಬೆಳಿಗ್ಗೆ ನನ್ನ ಪಕ್ಕದಲ್ಲಿ ನೀರಿಗಿಳಿದು ಹಿಡಿ, ನನ್ನ ಕಾಲು ಸುಳ್ಳು ಹೇಳಿದರೆ ಕೂಗು ಎಂದೆ. ಬೇಲಿ ಆಚೆ ನಿಂತು ಕೂಗಿದರೆ ನನಗೆ ಕೇಳಿಸುವುದಿಲ್ಲ ಎಂದೂ ಹೇಳಿದೆ. ಹೇಳಿ ಎರಡು ಪಟ್ಟಿಗೂ ಹೆಬ್ಬೆಟ್ಟು ಒತ್ತಿದೆ.

ಕಚೇರಿಯವನು ಎದ್ದು ನಿಂತ. “ಎರಡಕ್ಕೂ ಒತ್ತೋ ಹಾಗಿಲ್ಲಮ್ಮ, ಮನೆ ಹೋಗುತ್ತೆ ನಿಮ್ದು” ಎಂದ. ಒತ್ತಿಯಾಯಿತಲ್ಲ, ಏನು ನೆಕ್ಕಿ ಅಳಿಸಲೇ ಎಂದೆ. ಮೂರು ದಿನದೊಳಗೆ ಮನೆ ಖಾಲಿ ಮಾಡಿಸುತ್ತೇನೆ ಎಂದು ಹೋಗಿದ್ದಾನೆ. ಸಂಜೆಗೆ ವಿರೂಪಣ್ಣನ ಮನೆಯವರೂ ಇನ್ನು ಮೂರು ಮನೆಯವರೂ ಕಚೇರಿಗೇ ಹೋಗಿ ಇನ್ನೊಂದು ಪಟ್ಟಿಗೂ ಒತ್ತಿ ಬಂದರಂತೆ. ಉಳಿದವರು ಹೆದರಿದ್ದಾರೆ, ಅವರ ಮೇಲೆ ನನಗೆ ಸಿಟ್ಟಿಲ್ಲ. ಸುಳ್ಳು ಬರೆಯಬಾರದು, ಸ್ವಲ್ಪ ಇದೆ. ಅರ್ಕಾವತಿ ಸಂಘದ ಹಿರಿಯರಿಂದ ಬೈಸಿಕೊಂಡು ಬಂದು ಮೂಲೆಯಲ್ಲಿ ಕೂತು ಶಾಖದ ಕಡ್ಡಿ ಒರೆಸುತ್ತಿದ್ದಾಳೆ. ಬೆಳಿಗ್ಗೆ ಬರುತ್ತೀಯಾ ಎಂದು ನಾನು ಕೇಳಿಲ್ಲ, ಬರುತ್ತೇನೆ ಎಂದು ಅವಳೂ ಹೇಳಿಲ್ಲ.

ಇನ್ನು ನಿಮ್ಮ ಪ್ರಶ್ನೆ. ನಿಮ್ಮ ಕಾಲದಲ್ಲಿ ಎರಡಕ್ಕೂ ಸೇರಬಾರದೆಂದು ಯಾರೂ ಕಾಗದ ಕಳಿಸಿರಲಿಲ್ಲ, ಆದರೂ ಒಂದೇ ಆರಿಸಬೇಕೆಂದು ಒದ್ದಾಡಿದಿರಿ! ಎರಡಕ್ಕೂ ಸೇರಿ. ಕ್ಲಬ್ಬಿನ ಊಟಕ್ಕೆ ಹೋಗಿ ನೀರು ಬೆಚ್ಚಗಿದೆ, ಕೋಲು ಮಡಚಿ ಎಂದು ಊಟ ಕೆಡಿಸಿ. ಸಂಘದ ಸಭೆಗೆ ಹೋಗಿ, ನಿಮ್ಮಲ್ಲಿ ಈ ವಾರ ನೀರಿಗಿಳಿದವರು ಯಾರು, ಕೈ ಎತ್ತಿ ಎಂದು ಕೇಳಿ. ಎರಡು ಕಡೆಯವರೂ ನಿಮ್ಮನ್ನು ಆ ಕಡೆಯವನು ಎನ್ನುತ್ತಾರೆ, ಅನ್ನಲಿ. ತಪ್ಪು ನಿಮ್ಮದೇ ಆದ ದಿನ ಎಲ್ಲರ ಮುಂದೆ ಹೇಳಿ. ಅದೊಂದು ಕಷ್ಟ, ಮಿಕ್ಕದ್ದೆಲ್ಲ ಸುಲಭ.

ಮೂರನೇ ದಿನ ಕಚೇರಿಯವನು ಬರುತ್ತಾನೆ. ನಾನು ಮನೆಯಲ್ಲಿ ಇರುವುದಿಲ್ಲ, ಮಡುವಿನ ಬಾಯಲ್ಲಿ ನಿಂತಿರುತ್ತೇನೆ. ನನ್ನನ್ನು ಮೇಲೆ ಎತ್ತಬೇಕಾದರೆ ಅವನೂ ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ ಇಳಿಯಬೇಕು. ಇಳಿಯಲಿ. ನೀರು ಹೇಗಿದೆ ಎಂದು ಅವನನ್ನೇ ಕೇಳುತ್ತೇನೆ.

ನಿಂಗಾಜಮ್ಮ
ನೀರುಕಾಲು, ಕರೇಬಂಡೆ